ಒರೆಸಿದ ಬಾಣ

"ಬಾಣ ಎಲ್ಲಿ?" ಎಂದಳು ನೆಡಾ.

ಓರಿನ್ ಟ್ಯಾಕೆಟ್ ಪಿಕಪ್ಪಿನ ಹಿಂಬದಿಯಿಂದ ಅದನ್ನು ತೆಗೆದುಕೊಟ್ಟ. ಅಡ್ಡಬಿಲ್ಲಿನ ಗಿಡ್ಡ ಬಾಣ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಸ್ವಚ್ಛವಾಗಿತ್ತು. ಜಿಂಕೆಯ ಮೈ ತೂರಿ ಆಚೆ ಬಿದ್ದ ಬಾಣ ಹಾಗಿರುವುದಿಲ್ಲ. ಅದರ ಮೇಲೆ ನೊರೆರಕ್ತವಿದ್ದರೆ ಪೆಟ್ಟು ಶ್ವಾಸಕೋಶಕ್ಕೆ. ನೂರು ಹೆಜ್ಜೆಯೊಳಗೇ ಜಿಂಕೆ ಸಿಗುತ್ತದೆ. ಹಸಿರು ಮೆತ್ತಿಕೊಂಡು ನಾರುತ್ತಿದ್ದರೆ ಹೊಟ್ಟೆಗೆ. ಆಗ ಸಂಜೆಯವರೆಗೆ ಯಾರೂ ಕಾಡಿಗೆ ಕಾಲಿಡಬಾರದು. ಅದು ಎಲ್ಲಾದರೂ ಮಲಗಿ ಪ್ರಾಣ ಬಿಡಬೇಕು. ಒಹಾಯೊದ ಈ ಗುಡ್ಡಗಳಲ್ಲಿ ಬಿಲ್ಲು ಹಿಡಿದವರಿಗೆಲ್ಲ ಇದು ಗೊತ್ತು. ನೆಡಾಗೆ ಇದನ್ನು ಹೇಳಿಕೊಟ್ಟವನೇ ಓರಿನ್.

"ಒರೆಸಿಬಿಟ್ರಾ, ಓರಿನ್ ಮಾಮ?"

"ಹಳ್ಳಕ್ಕೆ ಬಿದ್ದಿತ್ತು. ನೀರೇ ತೊಳೀತು."

"ಪೆಟ್ಟು ಎಲ್ಲಿಗೆ?"

"ಹೆಗಲ ಹಿಂದೆ. ಶ್ವಾಸಕೋಶಕ್ಕೇ. ಏಳು ಗಂಟೆಗೆ ಹೊಡೆದೆ, ಇಪ್ಪತ್ತೇ ಹೆಜ್ಜೆ."

"ಹಂಗಾದ್ರೆ ನಾಯಿ ಯಾಕೆ ಬೇಕಿತ್ತು?"

"ಈ ಕೆಂಪೆಲೆ ಮಧ್ಯೆ ರಕ್ತ ಎಲ್ಲಿ ಕಾಣುತ್ತೆ ಹುಡುಗಿ? ಹೊರಡು ಸುಮ್ನೆ."

ನೆಡಾಗೆ ಐವತ್ತೆರಡು. ಗಾಯಗೊಂಡ ಜಿಂಕೆ ಹುಡುಕಲು ತನ್ನ ನಾಯಿ ಮಿಟ್ಸಿಯನ್ನು ಕರೆದುಕೊಂಡು ಹೋಗಲು ಶುರುಮಾಡಿ ಹನ್ನೊಂದು ವರ್ಷ. ಬೇಟೆಗಾರರ ಸುಳ್ಳು ಅವಳಿಗೆ ಹೊಸದಲ್ಲ. ಕೊಂಬು ದೊಡ್ಡದಾಗುತ್ತದೆ, ದೂರ ಹೆಚ್ಚಾಗುತ್ತದೆ, ಪೆಟ್ಟು ಯಾವಾಗಲೂ ಗುಂಡಿಗೆಗೇ ಬಿದ್ದಿರುತ್ತದೆ. ಆದರೆ ಓರಿನ್ ಅವಳಪ್ಪನ ಜೊತೆ ನಲವತ್ತು ವರ್ಷ ಬೇಟೆಯಾಡಿದವನು. ಅವನ ಮಾತನ್ನು ಅನುಮಾನಿಸುವುದು ಅವಳಿಗೆ ಬರಲಿಲ್ಲ. ಬರಬೇಕಿತ್ತು. ಎಪ್ಪತ್ತೇಳರ ಈ ಮುದುಕ ಹೋದ ವರ್ಷ ಒಂದು ಹೆಣ್ಣು ಜಿಂಕೆಗೆ ಹೊಡೆದು ಕಳೆದುಕೊಂಡಿದ್ದ. ಎಂಟು ದಿನವಾದ ಮೇಲೆ ಸಿಕ್ಕಿದ್ದು ತೋಳದ ಜಾತಿಯ ಕಯೋಟಿಗಳು ತಿಂದು ಬಿಟ್ಟ ಚರ್ಮ. ಆಗ ಅವನ ಮಗ ಡ್ವೇನ್ ನಾಲ್ಕು ಜನರ ಎದುರಿಗೇ ಹೇಳಿದ್ದ: "ಇನ್ನೊಂದು ಹಿಂಗಾದ್ರೆ ಬಿಲ್ಲು ನಮ್ಮನೆಗೆ ಬರುತ್ತೆ, ಅಪ್ಪ." ಹೆಗಲು ಹೋಗಿ ಉದ್ದಬಿಲ್ಲು ಬಿಟ್ಟಾಗಲೂ ಓರಿನ್ ಅಷ್ಟು ಕುಗ್ಗಿರಲಿಲ್ಲ. ಬೆಳಗಿನ ಕತ್ತಲಲ್ಲಿ ಆ ಓಕ್ ಮರದ ಅಟ್ಟಣೆ ಹತ್ತಿ ಕೂರುವುದೊಂದು ಬಿಟ್ಟರೆ ಅವನಿಗೆ ಎದ್ದೇಳಲು ಬೇರೆ ಕಾರಣವೇ ಇರಲಿಲ್ಲ.

ಮಿಟ್ಸಿ ಮೊಣಕಾಲಿಗೂ ಬಾರದ ಒರಟು ಕೂದಲಿನ ನಾಯಿ. ನೋಡಿದಾಗಲೆಲ್ಲ "ಇದೇನು ನಾಯಿಯೋ ಸಾಸೇಜೋ?" ಎನ್ನುತ್ತಿದ್ದ ಓರಿನ್ ಇವತ್ತು ಏನೂ ಅನ್ನಲಿಲ್ಲ. ನೆಡಾ ಉದ್ದ ಹಗ್ಗ ಕಟ್ಟಿ ಬಿಟ್ಟಳು. ಮಿಟ್ಸಿ ಮೂಗು ನೆಲಕ್ಕಿಟ್ಟು ಹಳ್ಳ ದಾಟಿ, ಮುಳ್ಳುಗುಲಾಬಿ ಪೊದೆಗಳ ಕೆಳಗೆ ನುಸುಳಿ ಎಳೆದುಕೊಂಡು ಹೋಯಿತು. ಮುನ್ನೂರು ಹೆಜ್ಜೆಯಾದರೂ ಕಂಡದ್ದು ಎರಡು ಹನಿ, ಅದೂ ಕಪ್ಪಗಿತ್ತು. ಶ್ವಾಸಕೋಶದ ರಕ್ತ ಕಪ್ಪಗಿರುವುದಿಲ್ಲ. ನಿಲ್ಲೋಣ ಎನ್ನುವಷ್ಟರಲ್ಲಿ ಎದುರಿನ ಪೊದೆ ಧಡಾರೆಂದು ಒಡೆದು, ಬೆನ್ನು ಗೂನಾದ ಗಂಡು ಜಿಂಕೆಯೊಂದು ಎದ್ದು ಗುಡ್ಡದ ಮೇಲಕ್ಕೆ ಓಡಿತು.

ಅದು ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಎಲೆಗಳ ಮೇಲೆ ಹಸಿರುಗಂದು ಬಣ್ಣದ ಲೋಳೆ. ಮೂಗಿನ ಹತ್ತಿರ ಹಿಡಿಯುವ ಅಗತ್ಯವೇ ಇರಲಿಲ್ಲ.

"ಇದೇನಾ ಶ್ವಾಸಕೋಶ?" ಎಂದಳು ನೆಡಾ. "ಸಾಯ್ತಾ ಮಲಗಿತ್ತು ಮಾಮ. ಎಬ್ಬಿಸಿ ಓಡಿಸಿದ್ವಿ. ನಾನು ಓಡಿಸ್ದೆ."

ಓರಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾನೇ ಹಳ್ಳದಲ್ಲಿ ತೊಳೆದೆ," ಎಂದ. "ನಾರ್ತಿತ್ತು. ನೀನು ನೋಡಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು."

"ನಾನು ಊರಿಗೆ ಡಂಗುರ ಹೊಡೀತೀನಾ?"

"ಡ್ವೇನ್ ಕೇಳಿದ್ರೆ ಸುಳ್ಳು ಹೇಳ್ತಿದ್ಯಾ?"

ಅವಳು ಮಿಟ್ಸಿಯನ್ನು ಎತ್ತಿಕೊಂಡು ಪಿಕಪ್ಪಿಗೆ ವಾಪಸಾದಳು.

ಐದು ತಾಸು ಕಾದರು. ಓರಿನ್ ಫ್ಲಾಸ್ಕಿನ ಕಾಫಿ ಕೊಟ್ಟ, ಅವಳು ಕುಡಿಯಲಿಲ್ಲ. ಅವನು ತಂದಿದ್ದ ಬೊಲೋನಾ ಸ್ಯಾಂಡ್‌ವಿಚ್ಚಿನ ಅರ್ಧ ಮಿಟ್ಸಿ ತಿಂದಿತು. ರೇಡಿಯೊದಲ್ಲಿ ಸಂಜೆಗೆ ಮಳೆ ಎಂದರು. ಮಳೆ ಬಿದ್ದರೆ ವಾಸನೆ ಕೊಚ್ಚಿಹೋಗುತ್ತದೆ, ಆಮೇಲೆ ಈ ಜಿಂಕೆಯೂ ಕಯೋಟಿಗಳ ಪಾಲು. ಕಾಯದೆ ಹೋದರೆ ಮತ್ತೆ ಎದ್ದು ಓಡುತ್ತದೆ. ನೆಡಾ ಗಾಜಿನಾಚೆಗಿನ ಮೋಡ ನೋಡುತ್ತ, ಮುದುಕನ ಮೇಲೆ ಕೋಪ ಮಾಡಿಕೊಳ್ಳುತ್ತ, ಆ ಕೋಪಕ್ಕೆ ತಾನೇ ನಾಚುತ್ತ ಕೂತಿದ್ದಳು.

ನಾಲ್ಕಕ್ಕೆ ಹೊರಟರು. ಮಿಟ್ಸಿ ಗುಡ್ಡದ ನೆತ್ತಿ ದಾಟಿ ಆಚೆ ಇಳಿಜಾರಿನಲ್ಲಿ ನಿಂತಿತು. ಬೊಗಳಲಿಲ್ಲ, ಮೈ ಮಾತ್ರ ನಡುಗುತ್ತಿತ್ತು. ಬಿದ್ದ ಮರವೊಂದರ ಮುಂದೆ, ಬಯಲಲ್ಲೇ, ಜಿಂಕೆ ಮಲಗಿತ್ತು. ಸತ್ತಿರಲಿಲ್ಲ. ತಲೆ ಎತ್ತಿ ಇವರನ್ನೇ ನೋಡುತ್ತಿತ್ತು. ಏಳಲು ಅದರಲ್ಲಿ ಶಕ್ತಿ ಉಳಿದಿರಲಿಲ್ಲ.

"ಬೇಗ," ಎಂದಳು ನೆಡಾ.

ಓರಿನ್ ಹಿಡಿಕೆ ತಿರುಗಿಸಿ ಬಿಲ್ಲಿನ ಹುರಿಯನ್ನು ಹಿಂದಕ್ಕೆ ಎಳೆದ. ಬಾಣ ಕೂರಿಸಿ, ಬಿಲ್ಲನ್ನು ಕೆನ್ನೆಗೆತ್ತಿ, ಮೇಲಿನ ದುರ್ಬೀನಿಗೆ ಕಣ್ಣಿಟ್ಟ. ಬಿಲ್ಲು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ.

"ಎಲ್ಲಿ?"

"ಮರದ ಮುಂದೇನೇ."

"ಮರ ಕಾಣ್ತಿದೆ."

"ಮಾಮ, ಇಪ್ಪತ್ತು ಹೆಜ್ಜೆನೂ ಇಲ್ಲ. ನಮ್ಮನ್ನೇ ನೋಡ್ತಿದೆ."

ಓರಿನ್ ಬಿಲ್ಲು ಇಳಿಸಿ ಕಣ್ಣುಜ್ಜಿಕೊಂಡ. "ಬೆಳಿಗ್ಗೇನೂ ಹಿಂಗೇ ಆಯ್ತು," ಎಂದ, ಮೆಲ್ಲಗೆ. "ಹಳ್ಳದ ದಂಡೆಲಿ ಏನೋ ಕಂದು ಬಣ್ಣದ್ದು ಅಲುಗಾಡ್ತು. ಹೊಡೆದೆ."

ನೆಡಾ ಹಳ್ಳದ ದಿಕ್ಕಿಗೆ ತಿರುಗಿದಳು. ಆ ದಂಡೆಯಲ್ಲಿ ಅಕ್ರೋಟಿನ ಮರಗಳಿವೆ. ಈ ತಿಂಗಳಿಡೀ ಡ್ವೇನ್‌ನ ಮಗಳು ಸ್ಕೂಲಿಗೆ ಮುಂಚೆ ಅಲ್ಲಿ ಕಾಯಿ ಆಯಲು ಬರುತ್ತಾಳೆ. ಅದು ನೆಡಾಗೂ ಗೊತ್ತಿತ್ತು, ಓರಿನ್‌ಗೂ ಗೊತ್ತಿತ್ತು.

ಜಿಂಕೆ ತಲೆ ಇಳಿಸಿ, ಮತ್ತೆ ಎತ್ತಿತು. ನೆಡಾ ನಾಯಿಯ ಹಗ್ಗವನ್ನು ಕಾಲಡಿ ಒತ್ತಿ ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತಳು. ಅವನ ಹೆಗಲ ಮೇಲಿಂದ ಕೈ ಚಾಚಿ ಬಿಲ್ಲನ್ನು ಹಿಡಿದು ತಿರುಗಿಸಿದಳು.

"ಇಲ್ಲಿ. ಇನ್ನು ಸ್ವಲ್ಪ ಕೆಳಗೆ. ಹಾಂ, ಉಸಿರು ಬಿಡಿ."

ಹುರಿ ಟಪ್ ಎಂದಿತು.

"ಬಿತ್ತಾ?" ಎಂದು ಕೇಳಿದ ಓರಿನ್.

"ಹೂಂ. ಬಿತ್ತು."

ಅವಳ ಜಾಕೆಟ್ ಹಿಡಿದುಕೊಂಡು ಇಳಿಜಾರು ಇಳಿದ. ಜಿಂಕೆಯ ಪಕ್ಕ ಮೊಣಕಾಲೂರಿ ಅದರ ಮೈ ತಡವಿದ. ಹೆಗಲ ಹಿಂದೆ ಬೆರಳಿಗೆ ಹೊಸ ಗಾಯ ಸಿಕ್ಕಿತು, ಅಲ್ಲಿ ನಿಲ್ಲಲಿಲ್ಲ. ಒಂದೊಂದೇ ಪಕ್ಕೆಲುಬು ಎಣಿಸುತ್ತ ಹಿಂದಕ್ಕೆ ಹೋದ. ಕೊನೆಯ ಪಕ್ಕೆಲುಬೂ ದಾಟಿ, ಮೆತ್ತನೆಯ ಹೊಟ್ಟೆಯೂ ದಾಟಿ, ಹೆಚ್ಚುಕಡಿಮೆ ಹಿಂದೊಡೆಯ ಹತ್ತಿರ ಬೆಳಗಿನ ಗಾಯ ಇತ್ತು. ರಕ್ತ ಒಣಗಿ ಕೂದಲು ಗಂಟುಕಟ್ಟಿತ್ತು.

"ಇಷ್ಟು ಹಿಂದೆ," ಎಂದ.

ಮಿಟ್ಸಿ ಜಿಂಕೆಯ ಕಿವಿ ಮೂಸಿ ಬಂದು ನೆಡಾಳ ಕಾಲ ಬಳಿ ಕೂತಿತು.

"ಡ್ವೇನ್‌ಗೆ ಫೋನ್ ಮಾಡು."

"ಜಿಂಕೆ ಎತ್ತೋಕೆ ಬರ್ಲಿ ಅಂತಾನಾ?"

"ಬಿಲ್ಲು ತಗೊಂಡು ಹೋಗೋಕೆ."

ಅವಳು ಫೋನ್ ತೆಗೆದು ಗುಡ್ಡದ ನೆತ್ತಿಗೆ ಹತ್ತಿದಳು, ಕೆಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಾತು ಮುಗಿಸಿ ತಿರುಗಿದಾಗ ಮಳೆ ಹನಿಯತೊಡಗಿತ್ತು. ಓರಿನ್ ಕದಲಿರಲಿಲ್ಲ. ಟೋಪಿ ಇಲ್ಲದ ತಲೆ ತಗ್ಗಿಸಿ, ಆ ಹಳೆಯ ಗಾಯದ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದ.