ಚನ್ನರಾಯಪ್ಪನ ಕಣ್ಣು

ಗಂಡ ತೀರಿಕೊಂಡ ಮೇಲೆ ಭಾರತಮ್ಮ ದೇವರ ಮೇಲಿನ ಸಿಟ್ಟನ್ನು ಯಾರೆದುರೂ ಮುಚ್ಚಿಡಲಿಲ್ಲ. ಚನ್ನರಾಯಪ್ಪ ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಕೆಲಸಕ್ಕಿದ್ದಾಗ ಬಿಸಿ ಬೂದಿ ಮುಖಕ್ಕೆ ಸಿಡಿದು ಎರಡು ಕಣ್ಣೂ ಹೋಗಿದ್ದವು. ಆಗಿನಿಂದ ಅವನ ತಮ್ಮ ಅಮರನಾಥ ವಾರಕ್ಕೊಮ್ಮೆ ಮುಳಬಾಗಿಲಿನಿಂದ ಬಸ್ಸು ಹತ್ತಿ ಬಂದು ಅಣ್ಣನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದ. ಅಲ್ಲಿನ ಪುಟ್ಟ ಕ್ರೈಸ್ತ ಸಭೆಯೊಂದಕ್ಕೆ ಅವನೇ ಬೋಧಕ, ಮಾತಿಗೇನೂ ಬರವಿರಲಿಲ್ಲ. ಕುರುಡರ ಕಣ್ಣು ತೆರೆಯುವ ದಿನ ಬರುತ್ತದೆಂದು ಯೆಶಾಯ ಪ್ರವಾದಿ ಯೇಸು ಹುಟ್ಟುವ ನೂರಾರು ವರ್ಷ ಮೊದಲೇ ಇಸ್ರಾಯೇಲರಿಗೆ ಸಾರಿದ್ದ. ಯೇಸು ಬಂದು ಕುರುಡರನ್ನು ಮುಟ್ಟಿದ, ಕಣ್ಣು ಬಂದವು, ಮಾತು ನೆರವೇರಿತು. ಅಮರನಾಥ ಇದನ್ನು ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ. ಚನ್ನರಾಯಪ್ಪ ಮನಸಾರೆ ಆಮೆನ್ ಅನ್ನುತ್ತಿದ್ದ. ಮೊದಮೊದಲು ಭಾರತಮ್ಮನೂ ಅನ್ನುತ್ತಿದ್ದಳು, ಆಮೇಲೆ ಬಿಟ್ಟಳು. ಕಣ್ಣು ಬರಲಿಲ್ಲ. ಅವನು ನಂಬಿಕೊಂಡೇ ಇದ್ದ, ನಂಬಿಕೊಂಡೇ ಹೋದ.

ಈಗ ಆಕೆಗೆ ಒಂದೇ ಹಠ. ಸಮಾಧಿಯ ಕಲ್ಲಿನ ಮೇಲೆ ಗಂಡನ ಮುಖ ಇರಬೇಕು, ಕಣ್ಣು ತೆರೆದಿರಬೇಕು, ಕೆಳಗೆ ಯೆಶಾಯನ ಆ ಮಾತೇ ಇರಬೇಕು. ಅಮರನಾಥ ಹಿಂದೆಮುಂದೆ ನೋಡಿದ. ಕುರುಡನಾಗಿಯೇ ಸತ್ತವನ ತಲೆಯ ಹತ್ತಿರ ಆ ಮಾತು ಬರೆಸಿದರೆ ಜನ ಏನಂದಾರು, ಬೇರೆ ಯಾವುದಾದರೂ ವಾಕ್ಯ ಹಾಕಿಸೋಣ ಅಂದ.

"ಯಾಕೆ, ನೆರವೇರಿದ ಮಾತು ತಾನೇ? ನಿಮ್ಮಣ್ಣನ್ನ ಮಾತ್ರ ಯಾಕೆ ಬಿಟ್ಟುಬಿಟ್ಟ?" ಅಂದಳು ಭಾರತಮ್ಮ. "ದೇವ್ರು ಕೊಡದ ಕಣ್ಣನ್ನ ಕಲ್ಲು ಕೆತ್ತೋ ಆಚಾರ್ರಾದ್ರೂ ಕೊಡ್ಲಿ ಬಿಡು."

ಕೊನೆಗೆ ಬೋಧಕ ಒಪ್ಪಿಕೊಂಡ. ಪಾಪ, ಅವನಿಗೂ ಅಣ್ಣನೇ ಅಲ್ಲವೇ.

ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವ ಕದಿರೇಶಾಚಾರಿ ಕೆಲಸ ಒಪ್ಪಿಕೊಂಡ. ಮದುವೆಯ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತ, ಕಣ್ಣು ಚೆನ್ನಾಗಿವೆ ಅಂದ. ಭಾರತಮ್ಮ ಮೊಬೈಲನ್ನು ಕೈಗೆ ತೆಗೆದುಕೊಂಡು ತಾನೂ ನೋಡಿದಳು. ಆ ಕಣ್ಣುಗಳು ಈಗ ಉಳಿದಿದ್ದುದು ಆ ಫೋಟೋದಲ್ಲಿ ಮಾತ್ರ.

ಕಲ್ಲು ಸಿದ್ಧವಾಗಿದೆ ಎಂದು ಫೋನು ಬಂದಾಗ ಆಕೆ ಆಸೆಯಿಂದ ಹೋದಳು. ಮೂಗು ಅವನದೇ, ತುಟಿ ಅವನದೇ, ಕಿವಿಯ ಹತ್ತಿರದ ಗಾಯದ ಗುರುತೂ ಇತ್ತು. ಕಣ್ಣಿನ ಜಾಗದಲ್ಲಿ ಮಾತ್ರ ನುಣುಪು ಕಲ್ಲು. ಭಾರತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಮೇಲೂ ಕುರುಡನನ್ನಾಗಿಯೇ ಮಾಡಿದಿರಾ ಎಂದು ಅಲ್ಲೇ ಅತ್ತಳು.

ಆಚಾರಿ ಗಾಬರಿಯಾದ. ಶೆಡ್ಡಿನ ಉದ್ದಕ್ಕೂ ನಿಂತಿದ್ದ ವಿಗ್ರಹಗಳ ಕಡೆ ಕೈ ತೋರಿಸಿದ. ರಾಮ, ಲಕ್ಷ್ಮಿ, ಗಣೇಶ, ಯಾವುದಕ್ಕೂ ಕಣ್ಣಿರಲಿಲ್ಲ.

"ಇವ್ರೆಲ್ಲ ಕುರುಡ್ರಾ ಅಮ್ಮಾ? ನಮ್ಮಲ್ಲಿ ಶೆಡ್ನಾಗೆ ಕಣ್ ಕೆತ್ತಲ್ಲ. ಎಲ್ಲಿ ಸೇರ್ಬೇಕೋ ಆ ಜಾಗ ಸೇರಿದ್ಮೇಲೇನೇ ಕಣ್ ತೆಗ್ಯೋದು. ನಿಮ್ಮೋರಿಗೂ ನಾನೇ ಬಂದು ತೆಗೀತೀನಿ."

ಸಮಾಧಿಗೆ ಈ ಕಟ್ಟಳೆ ಬೇಕಿಲ್ಲವೆಂದು ಅವನಿಗೆ ಹೊಳೆದಿರಲೇ ಇಲ್ಲ. ತಲೆತಲಾಂತರದಿಂದ ಬಂದ ಅಭ್ಯಾಸ, ಕೈ ತಾನಾಗಿ ಅಲ್ಲಿಗೆ ನಿಂತಿತ್ತು. ಭಾರತಮ್ಮ ಕಣ್ಣೊರೆಸಿಕೊಂಡು ಆ ಸಾಲನ್ನೇ ನೋಡಿದಳು. ಒಂದೊಂದಕ್ಕೂ ಒಂದೊಂದು ಊರಿನಲ್ಲಿ ಜಾಗ ಗೊತ್ತಾಗಿತ್ತಂತೆ. ಕೆಲವಂತೂ ಗುಡಿ ಕಟ್ಟಿ ಮುಗಿಯಲಿ ಎಂದು ವರ್ಷಗಟ್ಟಲೆ ಕಾದಿದ್ದವಂತೆ.

ಕಲ್ಲು ನಿಲ್ಲಿಸುವ ದಿನ ಆಚಾರಿ ಸ್ನಾನ ಮಾಡಿ, ಸಣ್ಣ ಉಳಿ ಹಿಡಿದು ಮಾಲೂರಿನ ಕ್ರೈಸ್ತರ ಸ್ಮಶಾನಕ್ಕೆ ಬಂದ. ಕೆಳಗೆ ಯೆಶಾಯನ ಮಾತು ಅಚ್ಚುಕಟ್ಟಾಗಿ ಕೂತಿತ್ತು. ಅವನು ಮೊಣಕಾಲೂರಿ ಉಳಿಯನ್ನು ಕಣ್ಣಿನ ಜಾಗಕ್ಕೆ ಇಟ್ಟ. ಅಷ್ಟರಲ್ಲಿ ಭಾರತಮ್ಮ ಅವನ ಕೈ ತಡೆದಳು.

"ಬೇಡ ಆಚಾರ್ರೇ. ಜಾಗ ಸೇರಿದ್ಮೇಲೆ ಅಂದ್ರಲ್ಲ, ಇವ್ರಿನ್ನೂ ಸೇರಿಲ್ಲ. ಇಲ್ಲಿ ಮಲಗವ್ರೆ ಅಷ್ಟೇ. ಮಾತು ಕೊಟ್ಟೋನೇ ಬಂದು ತೆಗೀಲಿ."

ಅಮರನಾಥ ಅತ್ತಿಗೆಯ ಮುಖ ನೋಡಿದ. ಸಿಟ್ಟು ಇನ್ನೂ ಹೋಗಿರಲಿಲ್ಲ. ಆದರೆ ಮೋಸ ಮಾಡಿದವನ ಮೇಲಿನ ಸಿಟ್ಟು ಅದಲ್ಲ, ಬರುತ್ತೇನೆಂದು ಹೇಳಿ ತಡ ಮಾಡಿದವನ ಮೇಲಿನದು.

ಆಚಾರಿಗೆ ಮಾತ್ರ ಸಂಕಟ. ಕಣ್ಣು ತೆಗೆಯದೆ ಎದ್ದುಬಂದದ್ದು ಅವನ ಜೀವಮಾನದಲ್ಲೇ ಇರಲಿಲ್ಲ.

"ಹಂಗಾದ್ರೆ ಕೆಲ್ಸ ಮುಗೀಲಿಲ್ಲ ಅಂತಾಯ್ತಲ್ಲಮ್ಮಾ."

"ಹೂಂ, ಮುಗೀಲಿಲ್ಲ," ಅಂದಳು.

ಅಮರನಾಥ ಪ್ರಾರ್ಥನೆ ಮಾಡಿದ. ನೆರವೇರಿತು ಎಂಬಲ್ಲಿಗೆ ಬಂದು ತಡವರಿಸಿ, ನೆರವೇರಿಸು ಎಂದು ಕೇಳಿಕೊಂಡು ನಿಲ್ಲಿಸಿದ. ಆಮೆನ್ ಅನ್ನಲು ಚನ್ನರಾಯಪ್ಪ ಇರಲಿಲ್ಲ. ಭಾರತಮ್ಮನೇ ಅಂದಳು.