ನಾನೂರ ಹದಿಮೂರು ಗೋರಿಗಳ ನಕ್ಷೆ

ಡೆಮಾಕ್ ಪೇಟೆಯಲ್ಲಿ ತ್ರಿಯೊನೊ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಇಷ್ಟು ವರ್ಷವೂ ಅವನ ಹತ್ತಿರ ಇದ್ದದ್ದು ಒಂದೇ ಮದ್ದು: ಎಲ್ಲ ಅಳಿಸು, ಹೊಸದಾಗಿ ಹಾಕು. ಅವನೊಬ್ಬನನ್ನೇ ಬೈದು ಏನು ಫಲ, ಆ ಬೀದಿಯ ಅಷ್ಟೂ ಅಂಗಡಿಗಳದ್ದು ಅದೇ ಕಥೆ. "ಒಳಗೆ ಮುಖ್ಯವಾದದ್ದು ಏನಾದ್ರೂ ಇದೆಯಾ?" ಎಂದು ಕೇಳುವ ಶಾಸ್ತ್ರ ಉಂಟು. ಆದರೆ ಕೇಳುವಾಗಲೇ ಕೈ ಸಿ.ಡಿ. ಹುಡುಕುತ್ತಿರುತ್ತದೆ.

ಉಪವಾಸದ ತಿಂಗಳಿಗೆ ಹನ್ನೆರಡು ದಿನ ಇರುವಾಗ ಕಡಲಂಚಿನ ಹಳ್ಳಿಯ ಸರ್ಕಾವಿ ಅಜ್ಜ, ಲುಂಗಿಯಲ್ಲಿ ಸುತ್ತಿದ ಕಂಪ್ಯೂಟರನ್ನು ಎದೆಗವಚಿಕೊಂಡು ದೋಣಿಯಲ್ಲಿ ಬಂದ. ಅವನು ಆ ಊರಿನ ಗೋರಿಗಳನ್ನು ಕಾಯುವವನು.

"ಒಳಗೆ ಮುಖ್ಯವಾದದ್ದು ಏನಾದ್ರೂ ಇದೆಯಾ, ಮ್ಬಾ?" ತ್ರಿಯೊನೊ ಕೇಳಿದ. ಆ ಕಡೆ ಅಜ್ಜಂದಿರನ್ನು ಮ್ಬಾ ಎಂದೇ ಕರೆಯುವುದು.

"ನಾನೂರ ಹದಿಮೂರು ಜನ ಇದ್ದಾರಪ್ಪ. ಎಲ್ಲ ಸತ್ತವರು."

ಸಮುದ್ರ ಆ ಊರಿನ ಗೋರಿಸ್ಥಳವನ್ನು ನುಂಗಿ ಒಂಬತ್ತು ವರ್ಷ. ಕಲ್ಲುಗಳೆಲ್ಲ ಕೆಸರಿನಡಿ ಸೇರಿವೆ. ಆದರೂ ಉಪವಾಸಕ್ಕೆ ಮೊದಲು ಊರು ಬಿಟ್ಟವರೆಲ್ಲ ಹೂವಿನ ಬುಟ್ಟಿ ಹಿಡಿದು ಬರುತ್ತಾರೆ, ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಲ್ಲಿ ನಿಂತು "ನಮ್ಮಮ್ಮ ಎಲ್ಲಿ?" ಎನ್ನುತ್ತಾರೆ. ಅಜ್ಜ ನಕ್ಷೆ ನೋಡಿಕೊಂಡು, ನಮಾಜಿನ ಮನೆಯ ಗೋಡೆಯಿಂದ ಹೆಜ್ಜೆ ಎಣಿಸಿ, ಇಲ್ಲಿ ಎಂದು ತೋರಿಸಬೇಕು. ಆ ನಕ್ಷೆ ಮಾಡಿದ್ದು ಅವನ ಮಗ ಖೋಲಿಲ್, ನೀರು ನುಗ್ಗುವ ಮುಂಚೆ. ಮುದ್ರಿಸಿದ ಹಾಳೆ ಹೋದ ವರ್ಷದ ಉಬ್ಬರಕ್ಕೆ ಮುದ್ದೆಯಾಗಿತ್ತು.

ತ್ರಿಯೊನೊ ಗುಂಡಿ ಒತ್ತಿದ. ಕಪ್ಪು ಪರದೆ, ಒಂದು ಸಾಲು ಬಿಳಿ ಅಕ್ಷರ.

"ವಿಂಡೋಸ್ ತೊಂಬತ್ತೆಂಟು! ಇದು ನಿಮಗಿಂತ ಹಳೇದು, ಮ್ಬಾ."

"ನನ್ನ ರಿಪೇರಿ ಆಮೇಲೆ ಮಾಡು. ಮೊದಲು ಇದನ್ನ ನೋಡು."

ತ್ರಿಯೊನೊ ಡಿಸ್ಕನ್ನು ಬಿಚ್ಚಿ, ವಿಂಡೋಸ್ ಎಕ್ಸ್‌ಪಿ ಇರುವ ತನ್ನ ಯಂತ್ರಕ್ಕೆ ಸಿಕ್ಕಿಸಿದ. ನಕ್ಷೆಯ ಕಡತ ಕಂಡಿತು, ಆದರೆ ತೆರೆಯಲಿಲ್ಲ. ಖೋಲಿಲ್ ಬಳಸಿದ ಪ್ರೋಗ್ರಾಂ ತೊಂಬತ್ತೆಂಟರಲ್ಲಿ ಮಾತ್ರ ಓಡುವಂಥದ್ದು. ತೊಂಬತ್ತೆಂಟು ಹಳ್ಳಿಮನೆಯ ಜಗಲಿ ಇದ್ದಂತೆ, ಯಾರು ಬಂದರೂ ಕೂರಿಸಿಕೊಳ್ಳುತ್ತಿತ್ತು. ಎಕ್ಸ್‌ಪಿ ಬಾಗಿಲಲ್ಲೇ ತಡೆಯಿತು. ವಿಂಡೋಸ್ ಏಳರಲ್ಲಿ ಹಾಕಿ ನೋಡಿದರೆ ಅದು ಗುರುತೇ ಹಿಡಿಯಲಿಲ್ಲ. ಅಳಿಸಿ ಹೊಸದಾಗಿ ಹಾಕೋಣವೆಂದರೆ ಪ್ರೋಗ್ರಾಮೂ ಹೋಗುತ್ತದೆ, ಅದರ ಮೂಲ ಸಿ.ಡಿ. ಈಗ ಎಲ್ಲೂ ಸಿಗುವುದಿಲ್ಲ. ಅವನಿಗೆ ಗೊತ್ತಿದ್ದ ಒಂದೇ ಮದ್ದು ಇಲ್ಲಿ ವಿಷ.

ಪರದೆಯ ಮೇಲಿನ ಸಾಲನ್ನು ಹಾಗೇ ಅಂತರ್ಜಾಲದಲ್ಲಿ ಹುಡುಕಿದ. ಹದಿನೈದು ವರ್ಷ ಹಿಂದಿನ ಒಂದು ಚರ್ಚೆಯ ಪುಟ ಸಿಕ್ಕಿತು. ಯಾರೋ ಹೆಂಗಸು ಇದೇ ತೊಂದರೆ ಕೇಳಿದ್ದಳು. ಮೊದಲ ಉತ್ತರ: "ತಲೆ ಕೆಡಿಸ್ಕೋಬೇಡಿ. ಎಲ್ಲ ಅಳಿಸಿ ಹೊಸದಾಗಿ ಹಾಕಿ, ಮುಗೀತು." ಕೆಳಗೆ ಹೆಸರು: ತ್ರಿಯೊನೊ, ಡೆಮಾಕ್.

ಅದರ ಕೆಳಗೆ ಅವಳು ಬರೆದಿದ್ದಳು: "ಹೇಳಿದ ಹಾಗೇ ಮಾಡಿದೆ. ಕಂಪ್ಯೂಟರ್ ಸರಿಯಾಯ್ತು. ಮಗಳ ಫೋಟೋ ಒಂದೂ ಉಳಿದಿಲ್ಲ. ಅವಳೂ ಈಗಿಲ್ಲ. ಧನ್ಯವಾದ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಧನ್ಯವಾದವನ್ನು ತಡೆಯಲಾಗದೆ ಪುಟವನ್ನು ಕೆಳಕ್ಕೆ ಸರಿಸಿದ. ಉತ್ತರ ಬರೆದವನು ಆ ಪುಟಕ್ಕೆ ಮತ್ತೆ ಬಂದು ನೋಡಿರಲೇ ಇಲ್ಲ.

ಇನ್ನೂ ಕೆಳಗೆ, ಒಂದು ವರ್ಷ ತಡವಾಗಿ, ಹೆಸರಿಲ್ಲದ ಯಾರೋ ಬರೆದಿದ್ದರು: "ಅಳಿಸಬೇಡಿ. ಯಂತ್ರ ತನ್ನ ಹಿಂದಿನ ಐದು ದಿನಗಳ ನೋಂದಣಿಯನ್ನು, ಅಂದರೆ ಒಳಗೆ ಏನೇನು ಹೇಗೆ ಓಡಬೇಕೆಂಬ ಲೆಕ್ಕವನ್ನು, ತಾನೇ ಎತ್ತಿಟ್ಟಿರುತ್ತದೆ. ಕಪ್ಪು ಪರದೆಯಲ್ಲೇ ಹೀಗೆ ಬರೆದು ಅದನ್ನು ವಾಪಸ್ ಕರೆಯಿರಿ." ಆಜ್ಞೆಯನ್ನೂ ಕೊಟ್ಟಿದ್ದರು.

"ಆಗಲ್ಲ ಅಂತೀಯಾ?" ಅಜ್ಜ ಕೇಳಿದ.

"ಗೊತ್ತಿಲ್ಲ, ಮ್ಬಾ. ಇದನ್ನ ನಾನು ಯಾವತ್ತೂ ಸರಿಮಾಡಿಲ್ಲ. ಬರೀ ಅಳಿಸಿದ್ದೀನಿ."

"ಹಾಗಾದ್ರೆ ನಿಧಾನಕ್ಕೆ ಮಾಡು. ನಾನು ಕೂತಿರ್ತೀನಿ."

ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದ. ಅಷ್ಟಕ್ಕೇ ಮಧ್ಯಾಹ್ನ ಕಳೆದು ಮೂರನೇ ನಮಾಜಿನ ಹೊತ್ತಾಯಿತು. ಆಮೇಲೆ ಡಿಸ್ಕನ್ನು ಅಜ್ಜನ ಯಂತ್ರಕ್ಕೇ ಮರಳಿ ಸಿಕ್ಕಿಸಿ, ಕಪ್ಪು ಪರದೆಯಲ್ಲಿ ಆಜ್ಞೆ ಬರೆದ. ಐದು ತಾರೀಕುಗಳು ಬಂದವು. ಮೊದಲ ಮೂರು ಕೈಕೊಟ್ಟವು. ನಾಲ್ಕನೆಯದಕ್ಕೆ ಪರದೆಯ ಮೇಲೆ ಮೋಡ ತೇಲುವ ನೀಲಿ ಆಕಾಶ ಮೂಡಿತು. ನಕ್ಷೆ ತೆರೆಯಿತು.

ಅಜ್ಜ ಬೆರಳಿಟ್ಟು ಒಂದೊಂದೇ ಹೆಸರು ಓದಿದ. ಖಾಲಿ ಇದ್ದ ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇದರಲ್ಲಿ ಹೊಸ ಹೆಸರು ಸೇರಿಸೋಕೆ ಬರುತ್ತಾ?"

"ಬರುತ್ತೆ. ಯಾರದು?"

"ಇದನ್ನ ಮಾಡಿದವನದು. ನಕ್ಷೆ ಮುಗಿಸಿದ ವರ್ಷವೇ ಜ್ವರ ಬಂದು ಹೋದ. ನನಗೆ ನಕ್ಷೆ ಬೇಡ, ಕಣ್ಣು ಮುಚ್ಕೊಂಡು ಅವನ ಹತ್ರ ಹೋಗ್ತೀನಿ. ನಾನು ಹೋದ್ಮೇಲೆ ಯಾರು ತೋರಿಸ್ತಾರೆ?"

"ಇಷ್ಟು ವರ್ಷ ಯಾಕೆ ಸೇರಿಸ್ಲಿಲ್ಲ, ಮ್ಬಾ?"

"ನನಗೆ ಬರಲ್ಲ. ಪೇಟೆಗೆ ತರೋಕೆ ಹೆದರಿಕೆ. ನೀವೆಲ್ಲ ಮೊದಲು ಅಳಿಸ್ತೀರಂತೆ."

ತ್ರಿಯೊನೊನ ಕಣ್ಣು ತುಂಬಿತು. ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, "ಎಲ್ಲಿ, ಹೇಳಿ" ಎಂದ.

"ಗೋಡೆಯಿಂದ ಪೂರ್ವಕ್ಕೆ ಹದಿನೇಳು ಹೆಜ್ಜೆ. ಮಿಕ್ಕವನ್ನೆಲ್ಲ ಅವನೇ ನಡೆದು ಅಳೆದದ್ದು, ಅವನ ಹೆಜ್ಜೆ ಉದ್ದ. ಇದೊಂದು ಮಾತ್ರ ನನ್ನ ಹೆಜ್ಜೆ. ಅದನ್ನೂ ಬರಿ."