ಮೂರನೇ ಲೈಟೂ ವಾಪಸ್

ಬೇಕರಿಯವನು ಸೈಕಲ್ಲಿನ ಮೂರನೇ ಲೈಟನ್ನೂ ವಾಪಸ್ ತಂದಾಗ ಪಂಕ್ಚರ್ ತಾತನ ಪಿತ್ತ ನೆತ್ತಿಗೇರಿತು. ಕುಣಿಯಲಾರದವನಿಗೆ ನೆಲ ಡೊಂಕು, ಇನ್ನೇನು! ಜೊತೆಗೆ ಬಂದಿದ್ದ ಹೆಂಡತಿ ಮಾತ್ರ ಗಂಡನ ಪರ. ಭಟ್ಟಿ ಹೊತ್ತಿಸಲು ಅವನು ಕೋಳಿ ಕೂಗುವ ಮೊದಲೇ ಹೊರಡಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಆಗಲೇ ಎರಡು ಸಲ ಚರಂಡಿಗೆ ಬಿದ್ದು ಮೊಣಕೈ ತರಚಿಕೊಂಡು ಬಂದಿದ್ದ. ಮುಂದಿನ ಸಲ ಲಾರಿಯ ಕೆಳಗೇ ಬಿದ್ದರೆ?

“ಏನ್ ತಾತ, ಮಿಣುಕುಹುಳ ಮಾರ್ತೀರಾ?” ಎಂದಳು.

“ಮಿಣುಕುಹುಳಾನಾ? ಇದನ್ನ ಹಾಕಿದ್ರೆ ಎದುರಿಗೆ ಬರೋರು ಉಗೀತಾರಮ್ಮ! ಇರು, ತೋರಿಸ್ತೀನಿ.”

ತಾತ ಷಟರ್ ಎಳೆದ. ಅಂಗಡಿ ಗವ್ವೆಂದಿತು. ಲೈಟು ಹಚ್ಚಿದ್ದೇ ತಡ, ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಳು. ನೇತುಹಾಕಿದ ಟೈರು, ಗಾಳಿ ಪಂಪು, ಸ್ಟೂಲಿನ ಮೇಲೆ ಮಲಗಿದ ಬೆಕ್ಕು, ಎಲ್ಲ ನಿಚ್ಚಳ.

“ಏನಪ್ಪಾ ಕಾಣ್ತದೆ?”

“ಗೋಡೆ ಮೇಲೊಂದು ಬಿಳೀ ಚಕ್ರ.”

“ಅದರ ಪಕ್ಕ?”

“ಪಕ್ಕ ಏನಿದೆ, ಮಣ್ಣು! ಬೆಳಕು ಹರಡಲ್ಲ ಅಂತ ಆವಾಗಿಂದ ಬಡ್ಕೋತಿಲ್ವಾ ನಾನು?”

ಬೆಕ್ಕು ಮೈಮುರಿದು ಕೆಳಗಿಳಿದು ನೆಟ್ಟಗೆ ಬೇಕರಿಯವನ ಎದುರಿಗೇ ಬಂತು. ಅವನು ಹೆಜ್ಜೆ ಮುಂದಿಟ್ಟು ಅದರ ಬಾಲ ತುಳಿದ.

“ಅಯ್ಯೋ! ಬೆಕ್ಕು ಎಲ್ಲಿತ್ತು ಮಾರಾಯಾ?” ಎಂದು ನಕ್ಕ.

ಉಳಿದಿಬ್ಬರೂ ನಗಲಿಲ್ಲ. ಅವಳಿಗೆ ಮಾವ ನೆನಪಾದರು. ಅವರಿಗೂ ಹೀಗೇ ಶುರುವಾಗಿತ್ತು. ಮೊದಲು ಕತ್ತಲಲ್ಲಿ ತಡಕಾಟ; ಆಮೇಲೆ ಸಂಜೆಯಾದರೆ ಅತ್ತೆಯ ಕೈ; ಆಮೇಲೆ ಹಗಲೂ ಅದೇ ಕೈ. ಡಾಕ್ಟರುಗಳು ಕೈಚೆಲ್ಲಿದ್ದರು.

ತಾತ ಷಟರ್ ಎತ್ತಿದ. ಲೈಟು ಆರಿಸಿ ಪಕ್ಕಕ್ಕಿಟ್ಟ.

“ಇದಕ್ಕಿಂತ ದೊಡ್ಡದಿದ್ರೆ ಕೊಡಿ ತಾತ,” ಎಂದ ಬೇಕರಿಯವನು. “ನಾಳೆ ಹಿಟ್ಟು ನಾದ್ಬೇಕು.”

ತಾತ ಅವಳ ಮುಖ ನೋಡಿದ. ಅವಳು ಸೈಕಲ್ಲಿನ ಕ್ಯಾರಿಯರ್ ಮುಟ್ಟಿ ತೋರಿಸಿದಳು. “ಇದಕ್ಕೊಂದು ಮೆತ್ತೆ ಹಾಕ್ಕೊಡಿ. ನಾನೂ ಹೋಗ್ತೀನಿ. ಎಡಕ್ಕೆ, ಬಲಕ್ಕೆ ಅಂತ ಹೇಳ್ತಾ ಇರ್ತೀನಿ.”

“ನಿಂಗೇನ್ ತಲೆ ಕೆಟ್ಟಿದ್ಯೇನೇ?” ಎಂದ ಗಂಡ.

ತಾತ ಮೆಲ್ಲಗೆ ಹೇಳಿದ: “ಹಿಂದೆ ಕೂತ್ರೆ ನಿಂಗೆ ಕಾಣೋದು ಇವನ ಬೆನ್ನೇ ಅಲ್ವೇನಮ್ಮಾ?”

ಅದು ಅವಳಿಗೆ ಹೊಳೆದೇ ಇರಲಿಲ್ಲ. ಕ್ಯಾರಿಯರ್ ಮೇಲಿಟ್ಟ ಕೈ ಅಲ್ಲೇ ಉಳಿಯಿತು.